ಚಿಗಟಗಳಿಗೆ ಇಟ್ಟ ತೋಳು

ಅಫ್ರಾಳ ತಾಯಿ ಮ್ಯೂನಿಕ್ಕಿನಲ್ಲಿ ಊರವರ ಬಟ್ಟೆ ಒಗೆದು ಬದುಕಿದವಳು. ಹೊಲಿಗೆಯ ಸಂದಿಯಲ್ಲಿ ಒಂದು ಚಿಗಟ ಕಂಡರೂ ಇಡೀ ಹಾಸಿಗೆಯನ್ನು ಕುದಿನೀರಿಗೆ ಅದ್ದುತ್ತಿದ್ದಳು. ಅಂಥವಳ ಮಗಳು ಹೋಗಿ ಹೋಗಿ ಚಿಗಟದ ಸರ್ಕಸ್ಸಿನ ಕಿಲಿಯನ್ನನನ್ನು ಕಟ್ಟಿಕೊಂಡಳು. ಹಣೆಬರಹಕ್ಕೆ ಹೊಣೆ ಯಾರು!

ಶರತ್ಕಾಲದ ಬಿಯರ್ ಜಾತ್ರೆಯಲ್ಲಿ ಅವರದೊಂದು ಮರದ ಡೇರೆ. ಹೊರಗೆ ಸ್ಟೂಲ್ ಹತ್ತಿ ಜನರನ್ನು ಕರೆಯುವುದು ಅಫ್ರಾಳ ಕೆಲಸ.

“ಬನ್ನಿ ಬನ್ನಿ! ಚಿಗಟದ ಕಾಲು ನಿಮಗಿದ್ದಿದ್ರೆ ಒಂದೇ ನೆಗೆತಕ್ಕೆ ದೊಡ್ಡ ಇಗರ್ಜಿ ಗೋಪುರ ದಾಟಿ ಆಚೆ ಬೀದೀಲಿ ಬೀಳ್ತಿದ್ರಿ! ನಿಮ್ಮ ಕಾಲೋ, ಎರಡು ಬಿಯರಿಗೆ ಬೆಂಚಿಂದ ಏಳಲ್ಲ!”

ಒಳಗೆ ಕಿಲಿಯನ್ ಕೂದಲಿಗಿಂತ ತೆಳುವಾದ ಚಿನ್ನದ ತಂತಿಯನ್ನು ಚಿಗಟದ ಕುತ್ತಿಗೆಗೆ ಸುತ್ತಿ ಗಾಡಿಗೆ ಹೂಡುತ್ತಿದ್ದ. ಕಲಿಸುವುದು ಏನೂ ಇರಲಿಲ್ಲ. ಯಾವುದು ನಡೆಯುತ್ತದೆ, ಯಾವುದು ನೆಗೆಯುತ್ತದೆ ಎಂದು ಗುರುತಿಸುವುದೇ ವಿದ್ಯೆ. ನಡೆಯುವವು ಗಾಡಿ ಎಳೆಯುತ್ತಿದ್ದವು, ನೆಗೆಯುವವು ಹತ್ತಿಯ ಚೆಂಡು ಒದೆಯುತ್ತಿದ್ದವು. ಬೆಳಿಗ್ಗೆ, ಸಂಜೆ ಅವನ್ನೆಲ್ಲ ಎಡತೋಳಿನ ಮೇಲೆ ಬಿಟ್ಟುಕೊಂಡು ತನ್ನ ರಕ್ತ ಕುಡಿಸುತ್ತಿದ್ದ.

ಆಗ ಅವನ ಮುಖದಲ್ಲಿ ಮೂಡುವ ನೆಮ್ಮದಿಯನ್ನು ಕಂಡರೆ ಅಫ್ರಾಳಿಗೆ ಮೈಯುರಿ.

“ಹೆಂಡ್ತಿ ಕೈ ಹಿಡ್ಕೊಂಡು ಇಷ್ಟು ಹೊತ್ತು ಕೂತಿದ್ದುಂಟಾ ಯಾವತ್ತಾದ್ರೂ?”

“ಅವಕ್ಕಾದ್ರೆ ಹೊಟ್ಟೆ ತುಂಬತ್ತೆ ಕಣೇ. ನಿಂಗೆ ಎಷ್ಟು ಕೊಟ್ರೂ ಸಾಲಲ್ಲ,” ಎಂದು ಅವನು ನಗುತ್ತಿದ್ದ.

ಮಕ್ಕಳಾಗಲಿಲ್ಲ. ಯುದ್ಧ ಮುಗಿದ ಮೇಲೆ ಸಿಪಾಯಿಗಳು ಬಂದು ಎಲ್ಲರ ಕಾಲರಿನೊಳಗೆ ಹೇನು, ಚಿಗಟ ಸಾಯುವ ಬಿಳಿ ಪುಡಿ ಊದಿದರು. ಮನುಷ್ಯರ ಮೈಯ ಚಿಗಟ ಹುಡುಕಿದರೂ ಸಿಗದ ಕಾಲ ಬಂತು. ಕಿಲಿಯನ್ನನ ಪೆಟ್ಟಿಗೆಯಲ್ಲಿ ಉಳಿದವೇ ಕೊನೆಯವು.

ಒಂದು ಬೇಸಿಗೆಯ ಬೆಳಿಗ್ಗೆ ಅಫ್ರಾ ಕಾಫಿ ತಂದಳು. ಕಿಲಿಯನ್ ತೋಳನ್ನು ಮೇಜಿನ ಮೇಲಿಟ್ಟು ಕೂತಿದ್ದ. ತೂಕಡಿಸುತ್ತಿದ್ದಾನೆ ಅಂದುಕೊಂಡಳು. ಆಮೇಲೆ ನೋಡಿದರೆ ಚಿಗಟಗಳೆಲ್ಲ ತೋಳಿನಿಂದ ಇಳಿದು, ತಂತಿಯ ಭಾರಕ್ಕೆ ದೂರ ನೆಗೆಯಲಾರದೆ, ಮೇಜಿನಂಚಿನಲ್ಲಿ ಗುಂಪುಗೂಡಿದ್ದವು. ತಣ್ಣಗಾದ ಮೈಯಲ್ಲಿ ಚಿಗಟ ನಿಲ್ಲುವುದಿಲ್ಲ. ಅವಳಿಗೆ ಗಂಡನನ್ನು ಮುಟ್ಟಿ ನೋಡುವ ಅಗತ್ಯವೇ ಬೀಳಲಿಲ್ಲ.

ಕಿಲಿಯನ್ನನ ಅಕ್ಕ ಥೆಕ್ಲಾ ಬಂದಳು. ಅತ್ತಳು, ಮೂಗೊರೆಸಿಕೊಂಡಳು, ಆಮೇಲೆ ಪೆಟ್ಟಿಗೆಯ ಕಡೆ ತಿರುಗಿದಳು.

“ನೀರು ಕಾಯೋಕಿಡೇ. ಈ ಪೀಡೆಗಳ ಮೇಲೆ ಹುಯ್ದುಬಿಡೋಣ. ನನ್ನ ತಮ್ಮನ್ನ ಹೀರಿ ಹೀರಿ ತಿಂದ್ವು.”

“ಬೇಡ ಅತ್ತಿಗೆ. ಅವುಗಳ ಹೊಟ್ಟೇಲಿರೋದು ಅವರ ರಕ್ತ.”

“ನಾಳೆ ಹೊತ್ತಿಗೆ ಕರಗಿಹೋಗತ್ತೆ, ಹುಚ್ಚಿ.”

“ನಾಳೆತನಕ ಆದ್ರೂ ಇರ್ಲಿ.”

ಸಂಜೆ ಅಫ್ರಾ ಮೊದಲ ಸಲ ತನ್ನ ತೋಳನ್ನು ಪೆಟ್ಟಿಗೆಯೊಳಗೆ ಇಟ್ಟಳು. ಸೂಜಿಮೊನೆಯಂಥ ಚುಚ್ಚು. ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ಅವಳು ತಿರುಗಲಿಲ್ಲ, ತಿರುಗಿದರೆ ಹೋಗಿಬಿಡುತ್ತಾನೆ ಎಂಬ ಭಯ. ಅವನನ್ನು ಕಚ್ಚಿದ ಬಾಯಿಯೇ ಈಗ ತನ್ನನ್ನು ಕಚ್ಚುತ್ತಿದೆ. ಇವು ಬದುಕಿರುವವರೆಗೆ ಕಿಲಿಯನ್ ಪೂರ್ತಿ ಸತ್ತಂತಲ್ಲ. ಅಷ್ಟು ವರ್ಷ ಸವತಿಯರೆಂದು ಬೈದವಳು ಈಗ ಅವನ ಹಾಗೆಯೇ ಮೆಲ್ಲಗೆ, “ಎಲ್ರದ್ದೂ ಆಯ್ತಾ?” ಎಂದು ಕೇಳಿದಳು. ಮಣ್ಣು ಮಾಡುವ ದಿನದವರೆಗೂ ಹೊತ್ತು ತಪ್ಪಿಸದೆ ಉಣಿಸಿದಳು.

ಆ ದಿನ ಟ್ರಂಕಿನ ತಳದಿಂದ ಕಪ್ಪು ಉಡುಪು ತೆಗೆದು ತೊಟ್ಟಳು. ಸ್ಮಶಾನದ ಕೆಲಸ ಮುಗಿದು, ಬಂದವರಿಗೆ ಊಟ ಮುಗಿದು ಮನೆಗೆ ಬರುವಾಗ ಚಿಗಟಗಳ ಹೊತ್ತು ಮೀರಿತ್ತು.

“ಪಾಪ, ಹಸಿದಿರ್ತಾವೆ,” ಎಂದು ಟೋಪಿಯನ್ನೂ ತೆಗೆಯದೆ ಉಡುಪಿನ ತೋಳು ಮಡಚಿ ಪೆಟ್ಟಿಗೆಯ ಮೇಲೆ ಬಾಗಿದಳು.

ಒಂದೂ ಕಚ್ಚಲಿಲ್ಲ. ಒಂದು ತೂರಾಡಿ ಬಿತ್ತು. ಗಾಡಿ ಎಳೆಯುವವು ಕಾಲು ಮಡಚಿದವು. ಚೆಂಡು ಒದೆಯುತ್ತಿದ್ದದ್ದು ಒಮ್ಮೆ ನೆಗೆದು ಮಗುಚಿಕೊಂಡಿತು. ಆಗ ಅವಳ ಮೂಗಿಗೆ ಬಡಿಯಿತು, ತೋಳಿನ ಮಡಿಕೆಯಿಂದ ನುಸಿಗುಳಿಗೆಯ ಘಾಟು. ಬಟ್ಟೆಗೆ ಹುಳ ಬೀಳದಿರಲೆಂದು ಗುಳಿಗೆ ಹಾಕಿಟ್ಟವಳು ಅವಳೇ. ಉಡುಪನ್ನು ಹರಿದು ಬಿಸಾಡಿ ಒಳಲಂಗದಲ್ಲೇ ನಿಂತು ಉಫ್ ಉಫ್ ಎಂದು ಊದಿದಳು. ಯಾವುದೂ ಅಲುಗಲಿಲ್ಲ. ಗಂಡ ಸತ್ತಾಗ ಅಳದವಳು ಆಗ ಬೀದಿಗೆ ಕೇಳುವಂತೆ ಅತ್ತಳು.

ಉಳಿದದ್ದು ತೋಳಿನ ಮೇಲಿನ ಕೆಂಪು ಗುಳ್ಳೆಗಳು. ಅವು ಮಾಯದಿರಲೆಂದು ಉಗುರಿನಿಂದ ಕೆರೆದುಕೊಂಡಳು. ಮೈಗೆ ಏನು ಗೊತ್ತು? ಅದು ಮಾಯಿಸಿಕೊಂಡಿತು. ಆದರೆ ತುರಿಕೆ ಹೋಗಲಿಲ್ಲ. ಬೆಳಿಗ್ಗೆ, ಸಂಜೆ, ಉಣಿಸುವ ಹೊತ್ತಿಗೆ ಸರಿಯಾಗಿ ಏಳುತ್ತಿತ್ತು. ಅಫ್ರಾ ತೋಳನ್ನು ಬರಿದಾಗಿಸಿ ಮೇಜಿನ ಮೇಲಿಟ್ಟು ಕೂರುತ್ತಿದ್ದಳು.

ಜಾತ್ರೆಗೆ ಡೇರೆಗಳು ಏಳುವ ದಿನಗಳಲ್ಲಿ ಥೆಕ್ಲಾ ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತಳು. ಬೈಯಲು ಬಾಯಿ ತೆರೆದವಳು ಬೈಯಲಿಲ್ಲ.

“ಬಂದಿದಾನಾ?” ಎಂದಳು.

ಅಫ್ರಾ ಹೌದೆಂದು ತಲೆಯಾಡಿಸಿದಳು.

ಥೆಕ್ಲಾ ಕುರ್ಚಿ ಎಳೆದುಕೊಂಡು ಎದುರು ಕೂತಳು. ಗುಂಡಿ ಬಿಚ್ಚಿ, ತೋಳು ಮೇಲಕ್ಕೆ ಸರಿಸಿ, ಸುಕ್ಕುಗಟ್ಟಿದ ಕೈಯನ್ನು ಮೇಜಿನ ಮೇಲೆ ಇಟ್ಟಳು.

“ನಂಗೂ ಒಂದ್ಸಲ ಕಚ್ಚೋಕೆ ಹೇಳೇ,” ಎಂದಳು. “ಅವನನ್ನ ಎತ್ತಿ ಆಡಿಸಿದ ಕೈ ಇದು.”