ಯಾರದೂ ಅಲ್ಲದ ಕುರ್ಚಿ
ಡಾ. ರತ್ನದೀಪರನ್ನು ‘ನೀವು ಇಲ್ಲಿ ಏನಾಗಿದ್ದೀರಿ’ ಎಂದು ಮಾತ್ರ ಕೇಳಬಾರದು. ಕೇಳಿದವರ ತಲೆಯೂ ಕೆಡುತ್ತದೆ. ಇತಿಹಾಸದಲ್ಲಿ ಪಿಎಚ್.ಡಿ. ಮುಗಿಸಿ, ಸೇಡಂನ ನಮ್ಮ ಸ್ನಾತಕೋತ್ತರ ಕೇಂದ್ರಕ್ಕೆ ಒಂದು ವರ್ಷದ ಬೋಧನಾ ಫೆಲೋ ಆಗಿ ಬಂದವರು. ಫೆಲೋ ಎಂದರೆ ಮಾಸ್ತರೋ ವಿದ್ಯಾರ್ಥಿಯೋ ಎಂಬುದು ಅವರಿಗೇ ಇನ್ನೂ ಇತ್ಯರ್ಥವಾಗಿಲ್ಲ. ಗ್ರಂಥಾಲಯದಲ್ಲಿ ತುಸುಹೊತ್ತು ಮಾಸ್ತರರ ಸಾಲಿನಲ್ಲಿ, ತುಸುಹೊತ್ತು ವಿದ್ಯಾರ್ಥಿಗಳ ಸಾಲಿನಲ್ಲಿ ನಿಂತು, ಕೊನೆಗೆ ಪುಸ್ತಕವಿಲ್ಲದೆ ಮರಳುತ್ತಾರೆ. ಸ್ಟಾಫ್ ರೂಮಿನಲ್ಲಿ ಕುರ್ಚಿ ಖಾಲಿ ಇದ್ದರೂ ಕಿಟಕಿಗೆ ಒರಗಿ ನಿಲ್ಲುವುದೇ ರೂಢಿ. ಜವಾನ ದೇವಿಂದ್ರಪ್ಪ, “ಕುಂದ್ರಿ ಸರ್” ಎನ್ನುತ್ತಾನೆ. “ಇದು ಯಾರ ಕುರ್ಚಿ ಅದರಿ?” “ಯಾರ್ದೂ ಅಲ್ರಿ.” “ಹಂಗಾದ್ರ ಹ್ಯಾಂಗ ಕುಂದರಬೇಕ್ರಿ?” ನಾಳೆ ಬರುತ್ತೀರಾ ಎಂದು ವಿದ್ಯಾರ್ಥಿಗಳು ಕೇಳಿದರೆ, ಚೀಲದೊಳಗಿನ ಆದೇಶಪತ್ರ ತೆಗೆದು ತಾರೀಖು ನೋಡಿಯೇ ಉತ್ತರ. ವೇಳಾಪಟ್ಟಿಯಲ್ಲಿ ಕಾಯಂ ಮಾಸ್ತರರ ಹೆಸರನ್ನು ಪೆನ್ನಿನಲ್ಲೂ ತಾತ್ಕಾಲಿಕದವರದನ್ನು ಪೆನ್ಸಿಲಿನಲ್ಲೂ ಬರೆಯುವುದು ನಮ್ಮ ಕಚೇರಿಯ ಪದ್ಧತಿ, ಅಳಿಸಲು ಸಲೀಸು. ರತ್ನದೀಪರ ಹೆಸರು ತಿಂಗಳಿಗೊಮ್ಮೆ ಮಾಸುತ್ತದೆ, ತಿಂಗಳಿಗೊಮ್ಮೆ ಅವರೇ ಮೇಲೆ ತಿದ್ದಿ ದಪ್ಪ ಮಾಡುತ್ತಾರೆ. ಆದರೆ ತರಗತಿಯಲ್ಲಿ ಶಹಾಬಾದಿನ ಕಲ್ಲುಗಣಿ ಕೂಲಿಗಳ ಚರಿತ್ರೆ ಹೇಳತೊಡಗಿದರೋ, ಗಂಟೆ ಹೊಡೆದರೂ ಒಬ್ಬ ವಿದ್ಯಾರ್ಥಿಯೂ ಏಳುವುದಿಲ್ಲ. ಅಲ್ಲಿ ಅವರಿಗೆ ಯಾವ ಗೊಂದಲವೂ ಇಲ್ಲ. ಆ ಚರಿತ್ರೆಯ ಮಹಾಪ್ರಬಂಧ ಮೊನ್ನೆ ಪುಸ್ತಕವಾಗಿ ಅಚ್ಚಾಯಿತು. ಕನ್ನಡ ಕಲಿಸುವ ನನಗೂ ಒಂದು ಪ್ರತಿ ತಂದು, “ಓದ್ರಿ ಸರ್, ನಂದೇ ಅದ” ಎಂದು ಕೊಟ್ಟರು. ತೆರೆದೆ. ಮೊದಲ ಪುಟದಲ್ಲಿ ‘ಪ್ರೀತಿಯಿಂದ, ರತ್ನದೀಪ’ ಎಂದು ಬರೆದಿದ್ದರು, ಪೆನ್ಸಿಲಿನಲ್ಲಿ.