ತಮ್ಮನನ್ನು ಬಿಟ್ಟು ಬಾ ಎಂದೆ

ಎಂ.ಎ. ಮುಗಿಸಿ ಮನೆಯಲ್ಲಿದ್ದ ವರ್ಷ, ಹಗರೆ ಹತ್ತಿರದ ಹಳ್ಳಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಸಂಬಳವಿಲ್ಲದೆ ಮಕ್ಕಳಿಗೆ ಓದಿಸುತ್ತಿದ್ದೆ. ಮೂರನೇ ತರಗತಿಯ ಹುಡುಗಿಯೊಬ್ಬಳು ದಿನವೂ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬರುತ್ತಿದ್ದಳು. ಒತ್ತಕ್ಷರಗಳನ್ನು ಆಗಷ್ಟೇ ಕೂಡಿಸಿ ಓದುತ್ತಿದ್ದಳು. ಕೂಸು ಅತ್ತರೆ ಎದ್ದು ಹೊರಗೆ ಹೋಗುತ್ತಿದ್ದಳು.

ಅವಳ ಓದು ಕೆಡುತ್ತದೆಂದು, “ನಾಳೆಯಿಂದ ತಮ್ಮನನ್ನ ಮನೇಲೇ ಬಿಟ್ಟು ಬಾ” ಎಂದೆ. ತಲೆಯಾಡಿಸಿದಳು. ಮರುದಿನದಿಂದ ಬರಲೇ ಇಲ್ಲ.

ಎರಡು ವಾರ ಕಾದು ಮನೆಗೆ ಹೋದೆ. ಅವಳ ತಾಯಿ ಕೂಲಿಗೆ ಹೊರಟಿದ್ದರು.

“ನೀವೇ ಬ್ಯಾಡ ಅಂದ್ರಂತಲ್ಲ ಮಿಸ್ಸೇ. ನಾನು ಕೆಲ್ಸಕ್ಕೋದ್ರೆ ಮಗೀನ ಯಾರ್ ನೋಡ್ಕತಾರೆ?”

“ತಪ್ಪಾಯ್ತಮ್ಮ. ಮಗೂನ ಕರ್ಕೊಂಡೇ ಬರ್ಲಿ” ಎಂದು ಬೇಡಿಕೊಂಡೆ.

“ಇರ್ಲಿ ಬುಡಿ. ಈಗ ಅನ್ನ ಬಸಿಯೋದೂ ಕಲ್ತವ್ಳೆ” ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಮಗಳ ಬಗ್ಗೆ ಹೆಮ್ಮೆಯಿತ್ತು.