ಪೆಟ್ರೋಲಿನ ಮೈಲಿಗೆ

ಆ ಮಾತನ್ನು ಮೊದಲು ಆಡಿದ್ದು ನಾನೋ ಜೀಪಿನವನೋ ಎಂಬುದು ನನಗೀಗ ಖಚಿತವಿಲ್ಲ. ನಾನು ‘ಎಥನಾಲ್’ ಎಂದೆ ಎಂದು ನನ್ನ ನೆನಪು. ‘ಮದ್ಯಸಾರ’ ಎಂದೂ ಅಂದಿರಬಹುದು. ರಸಾಯನಶಾಸ್ತ್ರ ಓದಿದವನ ಬಾಯಿಗೆ ಆ ಶಬ್ದ ತಾನಾಗಿ ಬರುತ್ತದೆ. ಆದರೆ ‘ಸಾರಾಯಿ’ ಎಂದದ್ದು ಜೀಪಿನವನೇ ಎಂದು ಅಂದಿನಿಂದ ವಾದಿಸುತ್ತ ಬಂದಿದ್ದೇನೆ. “ಅಂದದ್ದು ನೀವೇ, ಅದೂ ಎರಡು ಸಲ” ಎನ್ನುತ್ತಾಳೆ ಹೆಂಡತಿ. ಜೀಪಿನವನನ್ನು ಕೇಳಿದರೆ ನಗುತ್ತಾನೆ. ಯಾರು ಏನು ಹೇಳಿದರೂ ಸಾಕ್ಷಿ ಕೇಳು ಎಂದು ವಿಶ್ವವಿದ್ಯಾಲಯ ನನಗೆ ಕಲಿಸಿತ್ತು. ನನ್ನ ನೆನಪಿಗೂ ಸಾಕ್ಷಿ ಕೇಳಬೇಕಾಗುತ್ತದೆ ಎಂದು ಅಲ್ಲಿ ಯಾರೂ ಹೇಳಿರಲಿಲ್ಲ.

ನಮ್ಮ ಮನೆ ಕೊಪ್ಪದಲ್ಲಿ. ಒಂದು ಸಣ್ಣ ಪೆಟ್ರೋಲ್ ಕಾರಿದೆ. ಅದರ ಮೈಲೇಜು ನನ್ನ ಜೀವನದ ಮುಖ್ಯ ಸಂಶೋಧನೆ; ಇನ್ನೊಂದು ಸಂಶೋಧನೆಯನ್ನು, ಅಂದರೆ ಪಿಎಚ್‌ಡಿಯನ್ನು, ಅರ್ಧಕ್ಕೇ ಬಿಟ್ಟು ಬಂದಿದ್ದೇನೆ. ಪೆಟ್ರೋಲ್ ಪೈಪಿಗೆ ಕಟ್ಟಿದರೆ ಮೈಲೇಜು ಏರುತ್ತದೆ ಎಂಬ ಅಯಸ್ಕಾಂತವೊಂದನ್ನು ಮೊಬೈಲಿನಲ್ಲಿ ನೋಡಿ ತರಿಸಿದ್ದೆ. ನಂಬಿ ಅಲ್ಲ, ಅದು ಶುದ್ಧ ಮೋಸವೆಂದು ಸಾಬೀತು ಮಾಡಲಿಕ್ಕೆ. ಕಟ್ಟಿದ ವಾರದಲ್ಲೇ ಗಾಡಿ ಕೊಂಚ ಹಗುರಾಗಿ ಓಡುತ್ತಿದೆ ಅನ್ನಿಸತೊಡಗಿತು. ಮೋಸವೆಂದು ಗೊತ್ತಿದ್ದೂ ಬಿಚ್ಚಲು ಮನಸ್ಸು ಬರಲಿಲ್ಲ. ಈಗಲೂ ಅಲ್ಲೇ ಇದೆ. ಭಾರ ಕಡಿಮೆಯಾಗಲಿ ಎಂದು ಸ್ಟೆಪ್ನಿ ಟೈರನ್ನು ಮನೆಯಲ್ಲಿ ಇಳಿಸಿಟ್ಟು ಹೋದ ದಿನ ಜಯಪುರದ ಹತ್ತಿರ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಪೆಟ್ರೋಲಿಗೆ ಐದರಲ್ಲೊಂದು ಪಾಲು ಎಥನಾಲ್ ಬೆರೆಸಲು ಶುರುವಾದ ಮೇಲೆ ನನಗೆ ಹೊಸ ಕೆಲಸ ಸಿಕ್ಕಿತು. ಕಾರಿನ ಮೈಲೇಜು ಬಿದ್ದಿದೆ ಎಂದು ನಾನು, ಆಕ್ಸಿಲರೇಟರ್ ತುಳಿಯುವುದನ್ನು ಕಡಿಮೆ ಮಾಡಿ ಎಂದು ಹೆಂಡತಿ. ನನ್ನ ಪಕ್ಷಕ್ಕೆ ಪುರಾವೆ ಬೇಕಿತ್ತು. ಆ ಪುರಾವೆಯನ್ನು ನಾನು ಪ್ರದರ್ಶಿಸಿದ್ದು, ಜಗತ್ತಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ, ನೆಮ್ಮಾರಿನಲ್ಲಿ ದೊಡ್ಡತ್ತೆಯ ಜಗಲಿಯ ಮೇಲೆ.

ದೊಡ್ಡತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಎಂಬತ್ತರ ಹತ್ತಿರ ಬಂದಿದ್ದರೂ ಮನೆಯವರೆಲ್ಲರನ್ನೂ ತುದಿಗಾಲಲ್ಲಿ ನಿಲ್ಲಿಸುವ ಗಟ್ಟಿ ಹೆಂಗಸು. ಐವತ್ತು ದಾಟಿದ ನನ್ನನ್ನು ಈಗಲೂ ಹುಡುಗನೆಂಬಂತೆ ‘ಮಾಣಿ’ ಎನ್ನುತ್ತಾಳೆ. ಅವಳ ಮಡಿ ನಮ್ಮ ಬಳಗದಲ್ಲೆಲ್ಲ ಹೆಸರುವಾಸಿ. ಅವಳ ತಂಗಿ, ನಮ್ಮ ಸಣ್ಣತ್ತೆ, ಇರುವುದು ನರಸಿಂಹರಾಜಪುರದಲ್ಲಿ. ಕೆಲವು ವರ್ಷಗಳ ಹಿಂದೆ ಒಂದು ಮದುವೆಮನೆಯಲ್ಲಿ ಸಣ್ಣತ್ತೆ ಹತ್ತು ಜನರ ಎದುರು, “ಅಕ್ಕನ್ನ ಕರೆದ್ರೆ ಅವಳ ಮಡಿಗೇ ಒಂದು ಬೇರೆ ಮನೆ ಕಟ್ಟಿಸ್ಬೇಕು” ಎಂದಿದ್ದಳು. ಎಲ್ಲರೂ ನಕ್ಕರು. ದೊಡ್ಡತ್ತೆ ನಗಲಿಲ್ಲ. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಈಗ ಸಣ್ಣತ್ತೆಯ ಗಂಡನಿಗೆ ಎಪ್ಪತ್ತರ ಶಾಂತಿ. ಸಣ್ಣತ್ತೆ ತಾನೇ ಫೋನು ಮಾಡಿ, “ಅಕ್ಕ, ನೈವೇದ್ಯಕ್ಕೆ ಸುಕ್ಕಿನುಂಡೆ ನೀನೇ ಮಾಡಿ ತಾ. ನಿನ್ನ ಮಡೀದೇ ಬೇಕು” ಎಂದಳಂತೆ. ಆ ಒಂದು ವಾಕ್ಯವನ್ನು ದೊಡ್ಡತ್ತೆ ಬಂದವರಿಗೆಲ್ಲ ಹೇಳಿದಳು. ಹಿಂದಿನ ದಿನ ಅವಳನ್ನು ಕರೆದೊಯ್ಯಲೆಂದು ನಾವು ಹೋಗುವಷ್ಟರಲ್ಲಿ ಕಾಯಿ ಬೆಲ್ಲದ ಹೂರಣದ ಸುಕ್ಕಿನುಂಡೆ ಕರಿದು, ಹೊಸ ಸ್ಟೀಲ್ ಡಬ್ಬಿಗೆ ತುಂಬಿ, ಮೇಲೆ ಬಿಳಿ ಬಟ್ಟೆ ಕಟ್ಟಿ ದೇವರ ಮುಂದೆ ಇಟ್ಟಾಗಿತ್ತು.

ಸಂಜೆ ಪಕ್ಕದ ಮನೆಯ ಜೀಪಿನವನು ಕಳೆ ಕೊಚ್ಚುವ ಮಶಿನ್ನಿಗೆ ಸ್ವಲ್ಪ ಪೆಟ್ರೋಲ್ ಬೇಕೆಂದು ಕ್ಯಾನು ಹಿಡಿದು ಬಂದ. ಹಳೇ ಡೀಸೆಲ್ ಜೀಪನ್ನು ಬಾಡಿಗೆಗೆ ಓಡಿಸುವವನು, ನನಗಿಂತ ಎರಡು ವರ್ಷ ದೊಡ್ಡವನು. ಮಶಿನ್ನು ಸರಿಯಾಗಿ ಓಡುತ್ತಿಲ್ಲ ಎಂದ. ನನಗೆ ಅಷ್ಟು ಸಾಕಾಯಿತು. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಸ್ವಲ್ಪ ನೀರು ಹಾಕಿ, ನೀರಿನ ಮಟ್ಟಕ್ಕೆ ಗುರುತು ಮಾಡಿ, ಮೇಲೆ ಪೆಟ್ರೋಲ್ ಸುರಿದು, ಮುಚ್ಚಿ ಅಲುಗಾಡಿಸಿದೆ. ಪೆಟ್ರೋಲ್ ಮೇಲೆ ನಿಂತಿತು; ಕೆಳಗಿನ ನೀರು ಗುರುತು ದಾಟಿ ಏರಿತ್ತು.

“ನೀರು ಜಾಸ್ತಿ ಆಯ್ತಲ್ಲ ಮಾರಾಯ್ರೇ!” ಎಂದ ಜೀಪಿನವನು.

“ನೀರಲ್ಲ. ಪೆಟ್ರೋಲಲ್ಲಿದ್ದ ಎಥನಾಲ್ ನೀರಿಗೆ ಇಳೀತು.”

“ಎಂತದದು?”

ಇಲ್ಲಿಂದ ಮುಂದೆ ನನ್ನ ನೆನಪು ಮಂಜು. ಕಬ್ಬು, ಹುದುಗು, ಬಟ್ಟಿ ಇಳಿಸುವುದು ಎಂದೆಲ್ಲ ವಿವರಿಸಿದ್ದೇನೆ. ನಮ್ಮ ಕಡೆ ಗಾಡಿಗೆ ಡೀಸೆಲ್ ಹಾಕಿಸುವುದನ್ನು ‘ಎಣ್ಣೆ ಹಾಕಿಸುವುದು’ ಎನ್ನುವ ಹಳಬರಿದ್ದಾರೆ. ಸಂಜೆ ಕುಡಿಯುವುದಕ್ಕೂ ಅದೇ ಮಾತು. ಜೀಪಿನವನು, “ಹಾಂಗಾರೆ ಈಗ ಗಾಡಿಗೂ ನಿಜವಾದ ಎಣ್ಣೇನೇ ಹಾಕೋದು!” ಎಂದು ತೊಡೆ ತಟ್ಟಿ ನಕ್ಕ. ಆಮೇಲೆ ನಮ್ಮಿಬ್ಬರಲ್ಲಿ ಯಾರೋ ಒಬ್ಬರು ‘ಸಾರಾಯಿ’ ಎಂದರು. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ದೊಡ್ಡತ್ತೆ ಲೋಟವನ್ನು ಕೆಳಗಿಟ್ಟಳು.

“ಮಾಣಿ, ನಿನ್ನ ಕಾರಿಗೂ ಅದೇ ಹಾಕೋದನ?”

ನಾನು ಸುಳ್ಳು ಹೇಳಬಹುದಿತ್ತು. ಎದುರಿಗೆ ಪುರಾವೆಯ ಬಾಟಲಿ ಇತ್ತು. “ಎಲ್ಲರ ಗಾಡಿಗೂ ಅದೇ, ಅತ್ತೆ. ಐದರಲ್ಲಿ ಒಂದು ಪಾಲು” ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಹಾಂಗಾರೆ ದೇವರ ಡಬ್ಬಿ ನಿನ್ನ ಕಾರಲ್ಲಿ ಇಡ್ಲಿಕ್ಕೆ ಆತಿಲ್ಲೆ.”

ಹೆಂಡತಿ ನನ್ನನ್ನು ನೋಡಿದ ನೋಟವನ್ನು ವರ್ಣಿಸುವಷ್ಟು ನನ್ನ ಕನ್ನಡ ಬೆಳೆದಿಲ್ಲ. ಒಳಗೆ ಕರೆದು, “ನಾಳೆ ದೊಡ್ಡತ್ತೆ ಹೋಗದಿದ್ರೆ ಏನಾಗುತ್ತೆ ಗೊತ್ತಾ? ಮಡಿಗೋಸ್ಕರ ಬರಲಿಲ್ಲ ಅಂತ ಸಣ್ಣತ್ತೆ ಅಂದ್ಕೊಳ್ತಾರೆ. ಮದುವೆಮನೇಲಿ ಅಂದದ್ದು ನಿಜ ಆಗುತ್ತೆ. ಮತ್ತೆ ಈ ಜನ್ಮದಲ್ಲಿ ಇಬ್ಬರೂ ಮಾತಾಡಲ್ಲ” ಎಂದಳು. ಅದು ದೊಡ್ಡತ್ತೆಗೂ ಗೊತ್ತಿತ್ತು. ಆದರೆ ತಂಗಿ ಕೇಳಿದ್ದು ಮಡಿಯ ಉಂಡೆಯನ್ನು. ಸಾರಾಯಿಯ ಜೊತೆ ಪ್ರಯಾಣ ಮಾಡಿದ ಉಂಡೆಯನ್ನು ಮಡಿಯದ್ದೆಂದು ಕೊಡುವುದು ಅವಳಿಂದಾಗದು. ಅವಳು ಜಗಲಿಯಲ್ಲಿ ಕೂತು ಸೆರಗಿನ ತುದಿಯನ್ನು ಸುತ್ತುತ್ತಿದ್ದಳು.

ದಾರಿ ತೋರಿಸಿದವನು ಜೀಪಿನವನು. “ಅಮ್ಮ, ನನ್ನ ಜೀಪು ಡೀಸೆಲ್. ಅದಕ್ಕೂ ಎಣ್ಣೆ ಇಲ್ಲ, ನಾಳೆ ನಂಗೂ ಇಲ್ಲ. ಬೆಳಿಗ್ಗೆ ಮಿಂದು ಬತ್ತೆ.” ದೊಡ್ಡತ್ತೆಯ ಮುಖ ಅರಳಿತು. ‘ಸಾರಾಯಿ’ ಎಂದವನು ಯಾರು ಎಂಬ ಪ್ರಶ್ನೆಯನ್ನು ಬಾಡಿಗೆ ಸಿಕ್ಕಿದ್ದು ಯಾರಿಗೆ ಎಂಬ ಕಡೆಯಿಂದಲೂ ನೋಡಬೇಕು ಎಂದು ಹೆಂಡತಿಗೆ ಹೇಳಿದೆ. ಅವಳು ದೀಪ ಆರಿಸಿದಳು.

ಬೆಳಿಗ್ಗೆ ಜೀಪು ಹೊರಟಿತು. ಮುಂದೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ದೊಡ್ಡತ್ತೆ. ಹಿಂದೆ, “ಹಾಳು ಮಾಡಿದವ ನೀನು, ನನ್ನ ಸಂಗಡವೇ ಬಾ” ಎಂಬ ಅಪ್ಪಣೆಯಂತೆ ನಾನು. ಹೆಂಡತಿ ನಮ್ಮ ಕಾರಿನಲ್ಲಿ ಹಿಂದಿನಿಂದ, ಕೊಪ್ಪದ ಮನೆಯಲ್ಲಿ ಉಡುಗೊರೆಯ ಚೀಲ ತೆಗೆದುಕೊಂಡು ಬರುವುದೆಂದಾಯಿತು.

ಜೀಪಿನಲ್ಲಿ ನನಗೆ ಬೇರೊಂದು ಸಂಕಟ. ಹೋಟೆಲುಗಳಲ್ಲಿ ಕರಿದು ಉಳಿದ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡಿ ಡೀಸೆಲಿಗೆ ಬೆರೆಸುವ ಯೋಜನೆಯೊಂದಿದೆ ಎಂದು ಓದಿದ್ದೆ. ಆ ಎಣ್ಣೆಯಲ್ಲಿ ಮೊದಲು ಬೋಂಡ ಕರಿದಿದ್ದರೋ ಮೀನು ಕರಿದಿದ್ದರೋ ಕೇಳುವವರಿಲ್ಲ. ಈ ಮಾತು ಶೃಂಗೇರಿ ದಾಟುವವರೆಗೂ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ತಿಳಿದದ್ದನ್ನು ಹೇಳದೆ ಇಷ್ಟು ದೂರ ಪ್ರಯಾಣ ಮಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆದರೆ ಇಳಿಜಾರು ಬಂದಾಗ ಸುಮ್ಮನಿರಲಾಗಲಿಲ್ಲ. ಜೀಪಿನವನು ಪ್ರತಿ ಇಳಿಜಾರಿನಲ್ಲೂ ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಬಿಡುತ್ತಿದ್ದ. ನಮ್ಮ ಕಡೆಯ ಡ್ರೈವರುಗಳ ಹಳೇ ಅಭ್ಯಾಸ ಅದು. ಇಳಿಜಾರು ದೇವರು ಕೊಟ್ಟದ್ದು, ಅದಕ್ಕೆ ಡೀಸೆಲ್ ಯಾಕೆ ಸುಡಬೇಕು ಎಂಬ ಲೆಕ್ಕ.

“ನ್ಯೂಟ್ರಲ್‌ನಲ್ಲಿ ಏನೂ ಉಳಿಯಲ್ಲ ಮಾರಾಯ. ಗೇರಲ್ಲಿದ್ರೆ ಚಕ್ರವೇ ಎಂಜಿನ್ ತಿರುಗಿಸುತ್ತೆ, ಡೀಸೆಲ್ ಕಟ್ ಆಗುತ್ತೆ. ಬ್ರೇಕಿಗೂ ಒಳ್ಳೇದು.”

“ಈ ಜೀಪು ಹುಟ್ಟಿದಾಗ ಆ ನಿಯಮ ಇರಲಿಲ್ಲ ಕಾಣಿ.”

“ನಿಯಮ ಅಲ್ಲ, ಫಿಸಿಕ್ಸ್.”

“ಅವ ಓದಿದವ, ಹೇಳಿದ ಹಾಂಗೆ ಮಾಡು” ಎಂದಳು ದೊಡ್ಡತ್ತೆ. ಅದು ಹೊಗಳಿಕೆಯೋ ನನ್ನ ಬಾಯಿ ಮುಚ್ಚಿಸುವ ಉಪಾಯವೋ ತಿಳಿಯಲಿಲ್ಲ. ಜೀಪಿನವನು ಹರಿಹರಪುರದಿಂದ ಮುಂದೆ ಎಲ್ಲ ಇಳಿಜಾರನ್ನೂ ಗೇರಿನಲ್ಲೇ ಇಳಿಸಿದ. ಎಂಜಿನ್ ಗೊರಗುಟ್ಟಿತು, ಪ್ರತಿ ಸಲವೂ ಅವನು ನನ್ನನ್ನು ಕನ್ನಡಿಯಲ್ಲಿ ನೋಡಿದ.

ಕೊಪ್ಪ ದಾಟಿ ನರಸಿಂಹರಾಜಪುರದ ದಾರಿಯಲ್ಲಿ ಒಂದು ಏರಿನ ನಡುವೆ ಜೀಪು ಎರಡು ಸಲ ಕೆಮ್ಮಿ ನಿಂತಿತು. ಡೀಸೆಲ್ ಮಟ್ಟ ತೋರಿಸುವ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಟ್ಯಾಂಕಿಗೆ ಕಡ್ಡಿ ಹಾಕಿ ನೋಡುವುದೇ ಅವನ ಪದ್ಧತಿ. ಈಗ ಕಡ್ಡಿಯ ತುದಿ ಮಾತ್ರ ಒದ್ದೆಯಾಗಿ ಬಂತು. ಏರಿನಲ್ಲಿ ಡೀಸೆಲ್ ಹಿಂದಕ್ಕೆ ಸರಿದು ಪೈಪಿಗೆ ಗಾಳಿ ಹೋಗಿತ್ತು.

“ಏರ್ ಹಿಡೀತು. ಗೇರಲ್ಲಿ ಇಳಿಸಿದ್ದಕ್ಕೇ ಕುಡಿದುಬಿಟ್ಟಿತು” ಎಂದ ಅವನು.

“ಗೇರಲ್ಲಿ ಇಳಿಸಿದ್ರೆ ಕುಡಿಯೋದಿಲ್ಲ ಅಂತ ಹೇಳಿದ್ನಲ್ಲ!”

“ಮತ್ತೆ ಎಲ್ಲಿಗೆ ಹೋಯ್ತು, ನಿಮ್ಮ ಬಾಟಲಿಗೆ ಇಳೀತಾ?”

ಈಗಲೂ ನನ್ನ ಸಿದ್ಧಾಂತ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಜೀಪು ನಿಂತದ್ದೂ ನಿಜ.

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ಸಣ್ಣತ್ತೆ. ದೊಡ್ಡತ್ತೆ ಫೋನು ಕಸಿದುಕೊಂಡು, “ಬಂದೆ ಕೂಸೆ, ಬಂದೆ, ಇಲ್ಲೇ ಇದ್ದೆ” ಎಂದಳು. ಆ ಕಡೆಯ ಮಾತು ಕೇಳಿ ಫೋನನ್ನು ನನ್ನ ಕೈಗಿಟ್ಟು ಡಬ್ಬಿ ಎತ್ತಿಕೊಂಡಳು. “ಹೋಮ ಮುಗೀತಂತೆ. ನೈವೇದ್ಯಕ್ಕೆ ಕಾಯ್ತಾ ಇದಾರೆ.”

ಹಿಂದಿನಿಂದ ನಮ್ಮ ಕಾರು ಬಂದು ನಿಂತಿತು. ಹೆಂಡತಿ ಗಾಜು ಇಳಿಸಿದಳು. ನಿಂತ ಜೀಪನ್ನು ನೋಡಿ ಹಿಂದಿನ ಬಾಗಿಲು ತೆರೆದಳು. ದೊಡ್ಡತ್ತೆ ಡಬ್ಬಿ ಹಿಡಿದು ರಸ್ತೆಯಂಚಿನಲ್ಲಿ ನಿಂತು ಕಾರನ್ನು ಮೇಲಿಂದ ಕೆಳಗೆ ನೋಡಿದಳು.

“ಮಾಣಿ, ಆ ಎಣ್ಣೆ ಒಳಗೆ ಹೋಗಿ ಎಂತ ಆಗ್ತದೆ?”

“ಉರೀತದೆ ಅತ್ತೆ. ಕಿಡಿ ಹಾರಿ ಉರಿದುಹೋಗ್ತದೆ.”

“ಬೆಂಕಿಯಲ್ಲೇ?”

“ಬೆಂಕಿಯಲ್ಲೇ.”

“ಅಗ್ನಿಗೆ ಮೈಲಿಗೆ ಉಂಟನ? ಉರಿದದ್ದು ಉರೀತು. ಬಾಗಿಲು ತೆಗಿ” ಎಂದು, ಬಾಗಿಲು ತೆರೆದೇ ಇದ್ದರೂ, ದೊಡ್ಡತ್ತೆ ಒಳಗೆ ಕೂತಳು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. “ಪೂರ್ತಿ ಉರೀತದೆ ಅಂತ ಹೇಳಲಿಕ್ಕಾಗಲ್ಲ ಅತ್ತೆ, ಹೊಗೆಯಲ್ಲಿ ಒಂಚೂರು...”

“ನೀವು ಇಲ್ಲೇ ಇರಿ. ಜೀಪಿಗೆ ಪಂಪು ಹೊಡೀರಿ” ಎಂದಳು ಹೆಂಡತಿ. ಕಾರು ಹೊರಟೇ ಹೋಯಿತು.

ಜೀಪಿನವನು ದಾರಿಯಲ್ಲಿ ಬಂದ ಬೈಕೊಂದನ್ನು ಹತ್ತಿ ಡೀಸೆಲ್ ತಂದ. ಪೈಪಿನ ಗಾಳಿ ಹೋಗುವವರೆಗೆ ಎಂಜಿನ್ನಿನ ಪಕ್ಕದ ಸಣ್ಣ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತುತ್ತಿರುವುದು ನನ್ನ ಪಾಲಿಗೆ ಬಂತು. ಅವನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, “ಒತ್ತಿ, ಒತ್ತಿ, ಇದೂ ಫಿಸಿಕ್ಸೇ” ಎನ್ನುತ್ತಿದ್ದ. ಹೀಗಾಗಿ ಅಕ್ಕತಂಗಿಯರು ಎದುರಾದದ್ದನ್ನು ನಾನು ನೋಡಲಿಲ್ಲ. ನೋಡಿದ ಹೆಂಡತಿಯನ್ನು ಕೇಳಿದರೆ, “ಏನಿಲ್ಲ, ಡಬ್ಬಿ ಕೊಟ್ರು, ತಗೊಂಡ್ರು” ಎನ್ನುತ್ತಾಳೆ.

ಕೈಯೆಲ್ಲ ಡೀಸೆಲ್ ಮಾಡಿಕೊಂಡು ನಾನು ನರಸಿಂಹರಾಜಪುರ ಮುಟ್ಟಿದಾಗ ಊಟದ ಹೊತ್ತು ಎಂದೋ ಮೀರಿತ್ತು. ಆದರೆ ನೈವೇದ್ಯ, ಮಂಗಳಾರತಿ ಮುಗಿದು ಎಲೆಗಳನ್ನು ಆಗಷ್ಟೇ ಹಾಕುತ್ತಿದ್ದರು. ಹಸಿದ ನೆಂಟರ ಮುಖಗಳಲ್ಲಿ ಶಾಂತಿ ಅಷ್ಟಾಗಿ ಕಾಣಲಿಲ್ಲ. ದೊಡ್ಡತ್ತೆ ಒಳಕೋಣೆಯಲ್ಲಿ ಕೂತು ಯಾರಿಗೋ ಜೋರು ಮಾಡುತ್ತಿದ್ದಳು. ಅದನ್ನು ಕೇಳಿ ನನಗೆ ಜೀವ ಬಂತು. ಸಣ್ಣತ್ತೆ ನೀರಿನ ಜಗ್ಗು ಹಿಡಿದು ಹೊರಗೆ ಬಂದಳು.

“ನಿನ್ನ ಪುಣ್ಯ ಮಾರಾಯ, ಊಟ ಸಿಕ್ತು. ನಮ್ಮದೂ ತಡವೇ ಆಯ್ತು. ಅಡುಗೆಯವರ ಗ್ಯಾಸ್ ಮುಗಿದುಹೋಗಿ ಫಜೀತಿ.”

ಇಂಧನದ ವಿಷಯ ನನ್ನ ಕಿವಿಗೆ ಬಿದ್ದರೆ ಬಿಡುವುದುಂಟೇ? “ಎಷ್ಟು ಜನರ ಅಡುಗೆ? ಯಾವ ಸೈಜಿನ ಸಿಲಿಂಡರ್? ಶುರು ಮಾಡುವ ಮೊದಲು ತೂಗಿ ನೋಡಿದ್ರಾ?”

“ಹೋಗಿ ಕೈ ತೊಳಿ. ನಿನ್ನ ಕೈ ಮುಟ್ಟಿದ್ರೆ ಸಾರಿಗೆ ಬೇರೆ ಗ್ಯಾಸ್ ಬೇಡ” ಎಂದು ಅವಳು ಒಳಗೆ ಹೋದಳು.

ದೊಡ್ಡ ಸಿಲಿಂಡರ್ ಅಷ್ಟು ಬೇಗ ಮುಗಿಯುವ ಲೆಕ್ಕ ನನ್ನ ತಲೆಯಲ್ಲಿ ಕೂರಲಿಲ್ಲ. ಒಲೆಯ ಬರ್ನರ್ ಕೆಟ್ಟಿರಬೇಕು, ಇಲ್ಲವೇ ಪಾತ್ರೆಯ ತಳ ಸಣ್ಣದಿರಬೇಕು ಎಂದು ಕಾರಣಗಳನ್ನು ಹುಡುಕಿದೆ. ಕೆಲವು ತಿಂಗಳ ನಂತರ ಕೊಪ್ಪದ ಬಸ್ ನಿಲ್ದಾಣದಲ್ಲಿ ಆ ದಿನದ ಅಡುಗೆಯವರೇ ಸಿಕ್ಕರು. ನಾನು ನಿಜವಾಗಿ ಬರ್ನರಿನ ಬಗ್ಗೆಯೇ ಕೇಳಲು ಹೋದದ್ದು.

“ಗ್ಯಾಸಾ? ಯಾರು ಹೇಳಿದ್ದು ನಿಮಗೆ?” ಎಂದರು ಅವರು. “ಅಡುಗೆ ಆಗಿ ಪಾತ್ರೆ ಮುಚ್ಚಿಟ್ಟು ಎಷ್ಟೋ ಹೊತ್ತಾಗಿತ್ತು. ಎರಡು ಮೂರು ಸಲ ಎಲೆ ಹಾಕ್ಲಿಕ್ಕೆ ಹೋದೆವು. ಆ ಮನೆ ಅಮ್ಮ ಗೇಟಲ್ಲೇ ನಿಂತಿದ್ರು. ಅಕ್ಕ ಬಾರದೆ ಒಂದು ಎಲೇನೂ ಬೀಳಬಾರದು ಅಂತ ಕೂಗಿದ್ರು. ನೆಂಟರೆಲ್ಲ ಗೊಣಗಿದ್ರು, ಅವರ ಯಜಮಾನ್ರೂ ಗೊಣಗಿದ್ರು.”

ನನ್ನ ಅಭ್ಯಾಸದಂತೆ ಇನ್ನೊಂದು ಸಾಕ್ಷಿಯನ್ನೂ ಹುಡುಕಿ, ಸಣ್ಣತ್ತೆಯ ಗಂಡನನ್ನೇ ಫೋನಿನಲ್ಲಿ ಕೇಳಿದೆ. ಅವರು ದನಿ ತಗ್ಗಿಸಿ, ಅಡುಗೆಯವರು ಹೇಳಿದ್ದು ಹೌದು ಎಂದರು. ಆ ದಿನ ಗ್ಯಾಸ್ ಮುಗಿದಿರಲಿಲ್ಲ. ತಂದಿಟ್ಟಿದ್ದ ಇನ್ನೊಂದು ಸಿಲಿಂಡರಿನ ಸೀಲು ಕೂಡ ಒಡೆದಿರಲಿಲ್ಲ.